ಕರೆಂಟಿನ ವಾಪಸ್ ದಾರಿ

"ಅಪ್ಪಾ, ಏನೋ ಸುಟ್ಟ ವಾಸನೆ" ಎಂದಳು ಮಗಳು.

ಬಲಗಡೆಯ ಸೀಟಿನಲ್ಲಿ ಕೂತು ಆಯಿಲ್ ಪ್ರೆಶರ್ ಮುಳ್ಳನ್ನೇ ದಿಟ್ಟಿಸುವುದು ಅವಳ ಕೆಲಸ. ನಾನು ಎಡಗಡೆ, ಸ್ಟಾರ್ಟರ್ ಗುಂಡಿ ಒತ್ತಿಕೊಂಡಿದ್ದೆ. ನಾವೇ ಅಂಟಿಸಿ, ಉಜ್ಜಿ, ಬಣ್ಣ ಬಳಿದು ಕಟ್ಟಿದ ಎರಡು ಸೀಟಿನ ವಿಮಾನ ಅದು.

ಆ ದಿನ ಎಂಜಿನ್ ಚಾಲೂ ಮಾಡುವ ಉದ್ದೇಶ ಇರಲಿಲ್ಲ. ಹೊಸದಾಗಿ ಕೂರಿಸಿದ ಎಂಜಿನ್ನಿಗೆ ಮೊದಲು ಎಣ್ಣೆ ಏರಬೇಕು. ಪ್ರತಿ ಸಿಲಿಂಡರಿನಿಂದ ಒಂದೊಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ಗುಗಳಿಗೆ ಕಿಡಿ ಕೊಡುವ ಎರಡೂ ಮ್ಯಾಗ್ನೆಟೊ ಆಫ್ ಮಾಡಿ, ಬರೀ ಸ್ಟಾರ್ಟರಿನಿಂದ ತಿರುಗಿಸುತ್ತ ಹೋದರೆ ಪಂಪು ಎಣ್ಣೆ ಎಳೆದು ಬೇರಿಂಗುಗಳಿಗೆ ಮುಟ್ಟಿಸುತ್ತದೆ, ಮುಳ್ಳು ಏಳುತ್ತದೆ. ಹತ್ತು ಸೆಕೆಂಡು ತಿರುಗಿಸು, ನಿಲ್ಲಿಸು, ಸ್ಟಾರ್ಟರ್ ತಣಿಯಲಿ, ಮತ್ತೆ ತಿರುಗಿಸು. ಟ್ಯಾಂಕಿಗೆ ಪೆಟ್ರೋಲ್ ಕೂಡ ಹಾಕಿರಲಿಲ್ಲ. ಆ ಒಂದು ಸಂಗತಿಯನ್ನು ನೆನೆದರೆ ಈಗಲೂ ಎದೆ ಹಗುರಾಗುತ್ತದೆ.

ಮೊದಲ ಸಲವೇ ಪ್ರೊಪೆಲ್ಲರ್ ಯಾಕೋ ಸೋಮಾರಿಯಾಗಿ ತಿರುಗಿತು. ಪ್ಲಗ್ ಬಿಚ್ಚಿದ ಎಂಜಿನ್ ಗರಗರ ಸುತ್ತಬೇಕು. ಬ್ಯಾಟರಿ ಸ್ವಲ್ಪ ಇಳಿದಿರಬೇಕು ಅಂದುಕೊಂಡೆ. ಮೂರನೆಯ ಸಲಕ್ಕೆ ಮಗಳು ಆ ಮಾತು ಹೇಳಿದಳು. ಡ್ಯಾಶ್‌ಬೋರ್ಡಿನ ಕೆಳಗಿನಿಂದ ದಾರದಷ್ಟು ತೆಳ್ಳನೆಯ ಬಿಳಿ ಹೊಗೆ. ಮಾಸ್ಟರ್ ಸ್ವಿಚ್ ಆಫ್ ಮಾಡಿ ಅವಳನ್ನು ಇಳಿಸಿ, ನಾನೂ ಇಳಿದು, ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಬೆಂಕಿ ಆರಿಸುವ ಸಿಲಿಂಡರ್ ಕೈಯಲ್ಲಿ ಹಿಡಿದು ಐದು ನಿಮಿಷ ಸುಮ್ಮನೆ ನಿಂತೆವು. ಹೊಗೆ ತಾನಾಗಿ ನಿಂತಿತು.

ಎಂಟು ತಿಂಗಳು ಒಬ್ಬನೇ ಕೂತು ಎಳೆದ ವೈರಿಂಗ್ ಸುಟ್ಟುಹೋಯಿತು ಎಂದೇ ಆಗ ನನಗನಿಸಿದ್ದು. ಆ ಎಂಟು ತಿಂಗಳ ಬಗ್ಗೆ ಸ್ವಲ್ಪ ಹೇಳಲೇಬೇಕು.

ನಮ್ಮ ವಿಮಾನದ ಮೈ ಫೈಬರ್ ಗ್ಲಾಸಿನದು. ಅಲ್ಯೂಮಿನಿಯಂ ಮೈಯಾದರೆ ಕರೆಂಟ್ ಹೋಗುವುದಕ್ಕೆ ಒಂದು ತಂತಿ ಎಳೆದು, ವಾಪಸ್ ಬರುವುದನ್ನು ಲೋಹದ ಮೈಗೇ ಬಿಡಬಹುದು. ಕಾರಿನಲ್ಲಿ ಮಾಡುವುದು ಹಾಗೆಯೇ. ಫೈಬರಿನಲ್ಲಿ ಆ ಸೌಕರ್ಯ ಇಲ್ಲ. ಬಾಲದ ದೀಪಕ್ಕೂ ಎರಡು ತಂತಿ, ರೇಡಿಯೋಗೂ ಎರಡು. ವಾಪಸ್ ಬರುವ ಅರ್ತ್ ತಂತಿಗಳೆಲ್ಲ ಎಂಜಿನ್ನಿಗೂ ನಮಗೂ ನಡುವೆ ಬೆಂಕಿ ತಡೆಯುವ ಗೋಡೆಯಾದ ಫೈರ್‌ವಾಲಿನ ಮೇಲಿನ ಒಂದೇ ಹಿತ್ತಾಳೆ ಬ್ಲಾಕಿಗೆ ಬಂದು ಸೇರುತ್ತವೆ. ಹಾಗೆ ಒಂದೇ ಕಡೆ ಸೇರಿಸದೆ ಸಿಕ್ಕಸಿಕ್ಕಲ್ಲಿ ಕಟ್ಟಿದರೆ, ಬೇರೆ ಉಪಕರಣಗಳ ಕರೆಂಟು ಹೆಡ್‌ಸೆಟ್‌ನ ಅರ್ತ್ ದಾರಿಗೂ ನುಗ್ಗಿ, ಎಂಜಿನ್ ವೇಗ ಏರಿದಂತೆ ಆಲ್ಟರ್ನೇಟರಿನ ಕುಂಯ್‌ಗುಟ್ಟುವಿಕೆ ಕಿವಿಯಲ್ಲಿ ಏರುತ್ತದೆ. ಮೈಕ್ ಜಾಕುಗಳ ಕೆಳಗೆ ಫೈಬರ್ ವಾಷರ್ ಹಾಕಿ ಅವು ಪ್ಯಾನೆಲ್ಲಿನ ಲೋಹಕ್ಕೆ ತಗುಲದಂತೆ ಕೂರಿಸುವುದು ಅದಕ್ಕೇ.

ತಂತಿ ಆರಿಸುವುದರಲ್ಲಿ ನಾನು ಒಂದಿಷ್ಟೂ ಜುಗ್ಗತನ ಮಾಡಿರಲಿಲ್ಲ. ಮನೆಗೆ ಎಳೆಯುವ ಪಿವಿಸಿ ಹೊದಿಕೆಯ ತಂತಿ ಸುಟ್ಟರೆ ಉಸಿರು ಕಟ್ಟಿಸುವ ಆಮ್ಲದ ಹೊಗೆ ಬಿಡುತ್ತದೆ. ಗಾಳಿಯಲ್ಲಿದ್ದಾಗ ಕಿಟಕಿ ತೆಗೆದು ಹೊರಗೆ ಹಾರಲು ಆಗುವುದಿಲ್ಲವಲ್ಲ. ಹಾಗಾಗಿ ಪೂರ್ತಿ ಟೆಫ್‌ಜೆಲ್ ಹೊದಿಕೆಯ, ತವರ ಲೇಪಿಸಿದ ತಾಮ್ರದ ತಂತಿ. 150 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. ಎಲ್ಲ ಎಳೆ ಎಳೆಯಾದದ್ದು, ಒಂದೇ ದಪ್ಪ ಕಡ್ಡಿಯಂಥದ್ದು ಒಂದೂ ಇಲ್ಲ, ಯಾಕೆಂದರೆ ಕಂಪನಕ್ಕೆ ಅದು ಮುರಿಯುತ್ತದೆ. ತಂತಿಯ ತುದಿಗೆ ಹಾಕುವ ಲೋಹದ ಲಗ್ಗುಗಳಿಗೆ ಸಾಲ್ಡರ್ ಮಾಡಲಿಲ್ಲ, ರಾಚೆಟ್ ಇಕ್ಕಳದಲ್ಲಿ ಅದುಮಿ ಕ್ರಿಂಪ್ ಮಾಡಿದೆ. ಸಾಲ್ಡರ್ ಎಳೆಗಳ ನಡುವೆ ಒಳಕ್ಕೆ ಹೀರಿಕೊಂಡು ಹೋಗುತ್ತದೆ. ಅದು ನಿಂತ ಜಾಗದಲ್ಲಿ ತಂತಿ ಬಿರುಸಾಗಿ, ವರ್ಷಗಟ್ಟಲೆ ನಡುಗಿದ ಮೇಲೆ ಸರಿಯಾಗಿ ಅಲ್ಲೇ ಕಡಿಯುತ್ತದೆ. ಸಾಲ್ಡರಿನ ಪರವಾಗಿ ವಾದ ಮಾಡುವವರು ಈಗಲೂ ಇದ್ದಾರೆ. ತಂತಿಯನ್ನು ಆಚೆಗೆ ಚೆನ್ನಾಗಿ ಆನಿಸಿ ಕಟ್ಟಿದರೆ ಅದೂ ಬಾಳುತ್ತದೆ, ಒಪ್ಪುತ್ತೇನೆ. ಆದರೆ ಕತ್ತಲೆ ಮೂಲೆಯಲ್ಲಿ ತಲೆಕೆಳಗಾಗಿ ಮಲಗಿ ಮಾಡುವ ಕೆಲಸಕ್ಕೆ ನನ್ನ ಮತ ಕ್ರಿಂಪಿಗೇ.

ಗೇಜಿನ, ಅಂದರೆ ತಂತಿಯ ದಪ್ಪದ, ಲೆಕ್ಕವನ್ನಂತೂ ಪ್ರೀತಿಯಿಂದ ಮಾಡಿದ್ದೆ. ಗೇಜಿನ ನಂಬರ್ ಮೂರು ಏರಿದರೆ ತಾಮ್ರ ಅರ್ಧಕ್ಕೆ ಇಳಿಯುತ್ತದೆ. 14 ವೋಲ್ಟಿನ ವ್ಯವಸ್ಥೆಯಲ್ಲಿ ಸದಾ ಹೊತ್ತಿರುವ ಉಪಕರಣಕ್ಕೆ ದಾರಿಯಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಸೋರಬಾರದು ಎಂಬುದು ರೂಢಿಯ ನಿಯಮ. ರೆಕ್ಕೆಯ ಲ್ಯಾಂಡಿಂಗ್ ಲೈಟ್ ಎಳೆಯುವುದು 7 ಆಂಪಿಯರ್. ತಂತಿ ಹೋಗಲು 4 ಮೀಟರ್, ಬರಲು 4 ಮೀಟರ್. 18 ಗೇಜ್ ಹಾಕಿದ್ದರೆ ಒಂದು ವೋಲ್ಟಿಗೂ ಹೆಚ್ಚು ಸೋರುತ್ತಿತ್ತು. 14 ಗೇಜಿಗೆ ಹೋದ ಮೇಲೆ ಅರ್ಧ ವೋಲ್ಟಿನೊಳಗೆ ಬಂತು. ಪ್ರತಿ ತಂತಿಗೂ ಇಂಥ ಒಂದು ಸಾಲು ನನ್ನ ನೋಟ್‌ಬುಕ್ಕಿನಲ್ಲಿತ್ತು. ಕೊನೆಯ ಅಂಕಣದ ಹೆಸರು "ಬೀಪ್". ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ತಂತಿಯ ಎರಡು ತುದಿಗೆ ನಾನು ಇಡುವುದು, ಅದು ಬೀಪ್ ಎಂದರೆ ಮಗಳು ಟಿಕ್ ಹಾಕುವುದು. ಮುನ್ನೂರಕ್ಕೂ ಹೆಚ್ಚು ಟಿಕ್ ಹಾಕಿದ್ದಳು.

ಮೊದಲ ಸಲ ಕರೆಂಟ್ ಕೊಟ್ಟದ್ದೂ ಹೆದರಿ ಹೆದರಿಯೇ. ಎಲ್ಲ ಫ್ಯೂಸ್ ಕಿತ್ತು, ಬ್ಯಾಟರಿ ಪಾಸಿಟಿವ್‌ಗೂ ವಿಮಾನಕ್ಕೂ ನಡುವೆ ಲ್ಯಾಂಡಿಂಗ್ ಲೈಟಿನದೇ ಒಂದು ಹೆಚ್ಚುವರಿ ಬಲ್ಬು ಕಟ್ಟಿದ್ದೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಹತ್ತುತ್ತದೆ, ತಂತಿ ಉಳಿಯುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ಹಾಕುತ್ತ ಹೋದಾಗ ಬಲ್ಬು ಎಲ್ಲೂ ಝಗ್ಗೆನ್ನಲಿಲ್ಲ. ಆವತ್ತು ಮನೆಗೆ ಹೋಗುವಾಗ ದೊಡ್ಡದೇನೋ ಗೆದ್ದ ಹಾಗಿತ್ತು.

ಈಗ ಪ್ಯಾನೆಲ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದರೆ ನನ್ನ ತಂತಿಗಳಿಗೆ ಏನೂ ಆಗಿರಲಿಲ್ಲ. ಒಂದರ ಹೊದಿಕೆಯೂ ಕಂದಿಲ್ಲ. ಒಂದು ಫ್ಯೂಸೂ ಹೋಗಿಲ್ಲ. ಫ್ಯೂಸ್ ಇರುವುದು ತಂತಿಯನ್ನು ಕಾಯಲಿಕ್ಕೆ. ತೆಳು ತಂತಿಗಳಲ್ಲಿ ಮಿತಿ ಮೀರಿದ ಕರೆಂಟ್ ಹರಿದೇ ಇಲ್ಲ ಅಂತಾಯಿತು. ಹಾಗಾದರೆ ಸುಟ್ಟದ್ದು ಏನು?

ಎಂಜಿನ್ ವೇಗ ಏರಿಸಿ ಇಳಿಸುವ ಥ್ರಾಟಲ್ ಹಿಡಿಯನ್ನು ತಳ್ಳಿದೆ. ಮುಂದೆ ಹೋಗಲಿಲ್ಲ. ಎಳೆದೆ, ಬರಲೂ ಇಲ್ಲ. ಪ್ಯಾನೆಲ್ಲಿನ ಹಿಂದೆ ಕೈ ಹಾಕಿ ಕೇಬಲ್ಲಿನ ಉಕ್ಕಿನ ಕವಚ ಮುಟ್ಟಿದೆ. ಇಷ್ಟು ಹೊತ್ತಾದ ಮೇಲೂ ಬಿಸಿ. ಒಳಗಿನ ಪ್ಲಾಸ್ಟಿಕ್ ಪದರ ಕರಗಿ ತಂತಿಗೆ ಕಚ್ಚಿಕೊಂಡಿತ್ತು.

ನನಗೆ ಅರ್ಥವಾಗಲಿಲ್ಲ. ಥ್ರಾಟಲ್ ಕೇಬಲ್ಲಿಗೂ ಕರೆಂಟಿಗೂ ಏನು ಸಂಬಂಧ? ಆಯುಷ್ಯವೆಲ್ಲ ವಿಮಾನಗಳ ವೈರಿಂಗಿನಲ್ಲೇ ಕಳೆದು ನಿವೃತ್ತರಾದ ಹಿರಿಯರೊಬ್ಬರು ನನಗೆ ಪರಿಚಯ. ಫೋನ್ ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಅವರು, "ಎಂಜಿನ್ನಿನ ಅರ್ತ್ ಪಟ್ಟಿ ಎಲ್ಲಿಗೆ ಕಟ್ಟಿದ್ದೀರಿ?" ಎಂದರು.

"ಎಂಜಿನ್ ಮೌಂಟಿಗೆ ಸಾರ್. ಬೀಪ್ ಬಂದಿದೆ, ಚೆಕ್ ಮಾಡಿದ್ದೇನೆ."

"ಏನೂ ಮುಟ್ಟಬೇಡಿ. ಬರ್ತೀನಿ."

ಎಂಜಿನ್ ಕೂತಿರುವುದು ರಬ್ಬರ್ ಬುಷ್‌ಗಳ ಮೇಲೆ. ಅಂದರೆ ವಿದ್ಯುತ್ತಿನ ದೃಷ್ಟಿಯಲ್ಲಿ ಅದು ಗಾಳಿಯಲ್ಲಿ ತೇಲುತ್ತಿದೆ. ಸ್ಟಾರ್ಟರಿಗೆ ಹೋದ ನೂರಾರು ಆಂಪಿಯರ್ ಬ್ಯಾಟರಿಗೆ ಮರಳಬೇಕಾದರೆ ಎಂಜಿನ್ನಿನ ಲೋಹದ ಹೊರಮೈಯಾದ ಕ್ರ್ಯಾಂಕ್‌ಕೇಸಿನಿಂದ ಒಂದು ಹೆಣೆದ ತಾಮ್ರದ ಪಟ್ಟಿ ಬೇಕು. ನನ್ನ ನಕ್ಷೆಯಲ್ಲಿ ಅದರ ಇನ್ನೊಂದು ತುದಿ ಫೈರ್‌ವಾಲಿನ ಹಿತ್ತಾಳೆ ಬೋಲ್ಟಿಗೇ ಇತ್ತು. ಸೈಲೆನ್ಸರ್ ಪೈಪ್ ಕೂರಿಸಿದ ಮೇಲೆ ಪಟ್ಟಿ ಪೈಪಿಗೆ ತೀರಾ ಹತ್ತಿರವಾಯಿತೆಂದು ಒಂದು ಸಂಜೆ ಅದನ್ನು ಬಿಚ್ಚಿ, ಅಲ್ಲೇ ಪಕ್ಕದಲ್ಲಿದ್ದ, ಎಂಜಿನ್ನನ್ನು ಹೊರುವ ಚೌಕಟ್ಟಾದ ಮೌಂಟಿನ ಕಿವಿಗೆ ಬೋಲ್ಟ್ ಹಾಕಿ ಬಿಗಿದಿದ್ದೆ. ಮೌಂಟ್ ಉಕ್ಕಿನದು, ಫೈರ್‌ವಾಲಿಗೇ ಕೂತಿದೆ, ಸರಿಯಾಯಿತು ಅಂದುಕೊಂಡೆ. ಮೀಟರ್ ಹಿಡಿದೆ, ಬೀಪ್ ಎಂದಿತು, ಮಗಳು ಟಿಕ್ ಹಾಕಿದಳು. ಆ ಉಕ್ಕಿನ ಕೊಳವೆಗಳ ಮೇಲೆಲ್ಲ ಗಟ್ಟಿಯಾದ ಬಿಳಿ ಪೌಡರ್ ಕೋಟಿಂಗ್ ಇತ್ತು. ಅದು ಕರೆಂಟನ್ನು ಬಿಡುವ ಪದಾರ್ಥವೇ ಅಲ್ಲ.

ಹಿರಿಯರು ಬಂದವರೇ ಅದೇ ಬಲ್ಬು ಕೇಳಿದರು. ಬ್ಯಾಟರಿಯನ್ನು ಮತ್ತೆ ಜೋಡಿಸಿ, ಪಾಸಿಟಿವ್‌ನಿಂದ ಫ್ಯೂಸ್ ಹಾಕಿದ ಒಂದು ತಂತಿ ಬಲ್ಬಿಗೆ, ಬಲ್ಬಿನಿಂದ ಇನ್ನೊಂದು ತಂತಿ ನೇರ ಕ್ರ್ಯಾಂಕ್‌ಕೇಸಿಗೆ. ಬಲ್ಬು ಪೂರ್ತಿ ಪ್ರಕಾಶದಲ್ಲಿ ಹತ್ತಿತು. ನಾನು, "ಸರಿಯಾಗೇ ಇದೆಯಲ್ಲ ಸಾರ್" ಎಂದೆ. ಅವರು ಉತ್ತರ ಕೊಡದೆ ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿ ಕ್ರ್ಯಾಂಕ್‌ಕೇಸಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಇಟ್ಟರು. 140 ಮಿಲಿವೋಲ್ಟ್.

"ಮಗಾ, ಏಳು ಆಂಪಿಯರಿಗೆ ನೂರ ನಲವತ್ತು. ರೆಸಿಸ್ಟೆನ್ಸ್ ಎಷ್ಟಾಯಿತು?" ಎಂದು ಮಗಳನ್ನು ಕೇಳಿದರು.

ಅವಳು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಭಾಗಿಸಿ, "0.02 ಓಮ್ ಅಜ್ಜಾ" ಎಂದಳು.

"ಈಗ ಅದಕ್ಕೆ ನೂರೈವತ್ತು ಆಂಪಿಯರ್ ಹಾಕು."

"ಮೂರು ವೋಲ್ಟ್."

ಮೂರು ವೋಲ್ಟ್, ನೂರೈವತ್ತು ಆಂಪಿಯರ್: 450 ವ್ಯಾಟ್. ಹತ್ತಾರು ಸಾಲ್ಡರಿಂಗ್ ಐರನ್‌ಗಳ ಶಾಖ, ಅದೂ ಬೆರಳಿಗಿಂತ ತೆಳ್ಳಗಿನ ಕೇಬಲ್ ಕವಚದೊಳಗೆ. ಪ್ರೊಪೆಲ್ಲರ್ ಸೋಮಾರಿಯಾದದ್ದು ಯಾಕೆಂದು ಆಗ ಹೊಳೆಯಿತು. ಮೀಟರ್ ಬೀಪ್ ಎಂದದ್ದು ಯಾಕೆಂದೂ. ಬೀಪ್ ಹಾಕಿಸಲು ಮೀಟರ್ ಹರಿಸುವುದು ಒಂದು ಮಿಲಿಆಂಪಿಯರಿನಷ್ಟು ಕರೆಂಟ್. ಅದರ ಕಡ್ಡಿಗಳ ತಂತಿಯಲ್ಲೇ 0.1, 0.2 ಓಮ್ ಇರುತ್ತದೆ, 0.02 ಅದರ ಕಣ್ಣಿಗೆ ಬೀಳುವುದೇ ಇಲ್ಲ. ತೊಟ್ಟಿಕ್ಕುವ ನೀರು ಯಾವ ಸಂದಿಯಲ್ಲಾದರೂ ಇಳಿದುಹೋಗುತ್ತದೆ. ಪ್ರವಾಹ ಬಂದಾಗ ತಾನೇ ಕಾಲುವೆ ಎಷ್ಟು ಅಗಲ ಅನ್ನುವುದು ತಿಳಿಯುವುದು.

ಆಮೇಲೆ ಅವರು ಕಾರ್ಬ್ಯುರೇಟರಿನಿಂದ ಥ್ರಾಟಲ್ ಕೇಬಲ್ ಬಿಚ್ಚಿಸಿದರು. ಬಲ್ಬು ಉರಿಯುತ್ತಲೇ ಇತ್ತು, ಮಿಲಿವೋಲ್ಟ್ ಮಾತ್ರ ಮೇಲೇರಿತು. ಪೆಟ್ರೋಲಿಗೆ ಗಾಳಿ ಬೆರೆಯುವ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಕೇಬಲ್ಲನ್ನೂ ಬಿಚ್ಚಿಸಿದರು. ಬಲ್ಬು ಕುಗ್ಗಿ ಕೆಂಡದ ಬಣ್ಣಕ್ಕೆ ಇಳಿಯಿತು. ತಕ್ಷಣ ಆಫ್ ಮಾಡಿದರು. ಉಳಿದ ಕರೆಂಟು ಈಗ ಯಾವುದೋ ಸೆನ್ಸರಿನ ಕೂದಲೆಳೆ ತಂತಿಗೆ ನುಗ್ಗುತ್ತಿತ್ತು. ತಾಮ್ರದ ಪಟ್ಟಿ ಅಲ್ಲೇ, ಹೊಳೆಯುತ್ತ, ಬಿಗಿಯಾಗಿ ಕೂತಿತ್ತು, ಮತ್ತು ಏನನ್ನೂ ಹೊರುತ್ತಿರಲಿಲ್ಲ. ಅದರ ಹೊರೆಯನ್ನೆಲ್ಲ ಎರಡು ಕಂಟ್ರೋಲ್ ಕೇಬಲ್ಲುಗಳು ಹೊತ್ತಿದ್ದವು. ಅವು ಫೈರ್‌ವಾಲನ್ನು ದಾಟುವುದು ಲೋಹದ ಗುಬಟಿನೊಳಗಿಂದ. ಕರೆಂಟಿಗೆ ಅಷ್ಟೇ ಸಾಕಾಗಿತ್ತು.

ಹೆದರಿಕೆ ಹುಟ್ಟಿದ್ದು ಆ ಹೊತ್ತಿಗೆ. ಬಿಸಿಯಾದ ಆ ಕೇಬಲ್ಲಿನ ತುದಿ ಕೂರುವುದು ಕಾರ್ಬ್ಯುರೇಟರಿಗೆ. ಅದರಲ್ಲಿ ಪೆಟ್ರೋಲ್ ಇದ್ದಿದ್ದರೆ? ಕೇಬಲ್ ಆವತ್ತು ಪೂರ್ತಿ ಕಚ್ಚಿಕೊಳ್ಳದೆ ಅರೆಬರೆ ಕರಗಿ, ನೆಲ ಬಿಟ್ಟ ಮೇಲೆ ಸಿಕ್ಕಿಕೊಂಡಿದ್ದರೆ? ಇನ್ನೊಂದು ಯೋಚನೆಯೂ ಬಂತು. ಮ್ಯಾಗ್ನೆಟೊ ಕಿಡಿಗೆ ಬ್ಯಾಟರಿ ಬೇಡ; ಸ್ವಿಚ್ಚು ಅದನ್ನು ಅರ್ತ್‌ಗೆ ಕೂಡಿಸಿದಾಗ ಮಾತ್ರ ಅದು ಸಾಯುತ್ತದೆ. ಆ ತಂತಿ ಕಡಿದರೆ ಸ್ವಿಚ್ ಆಫ್ ಇದ್ದರೂ ಮ್ಯಾಗ್ನೆಟೊ ಜೀವಂತ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದವರ ತಲೆ ಹೋಗುತ್ತದೆ. ನಮ್ಮ ಎರಡೂ ಮ್ಯಾಗ್ನೆಟೊ ತಂತಿಗಳ ಹೊರಜಾಲರಿಯನ್ನು ಸ್ವಿಚ್ಚಿನ ಕಡೆ ಪ್ಯಾನೆಲ್ಲಿನ ಲೋಹಕ್ಕೆ ಕೂಡಿಸಿರಲಿಲ್ಲ, ಹಾಗಾಗಿ ಅವು ವಾಪಸ್ ದಾರಿಯಾಗದೆ ಉಳಿದಿದ್ದವು. ಆದರೂ ಎರಡನ್ನೂ ಉದ್ದಕ್ಕೂ ಬೆರಳಾಡಿಸಿ ನೋಡಿದ ಮೇಲೆಯೇ ನನಗೆ ಸಮಾಧಾನವಾದದ್ದು.

ಕೆಲಸ ಸಣ್ಣದೇ ಇತ್ತು. ಉದ್ದನೆಯ ಹೊಸ ಪಟ್ಟಿ ತಂದು, ಸೈಲೆನ್ಸರಿನಿಂದ ದೂರದ ದಾರಿಯಲ್ಲಿ ಫೈರ್‌ವಾಲಿನ ಹಿತ್ತಾಳೆ ಬೋಲ್ಟಿಗೇ ಕಟ್ಟಿದೆ. ಕ್ರ್ಯಾಂಕ್‌ಕೇಸಿನ ತುದಿಯಲ್ಲಿ ಬಣ್ಣ ಕೆರೆದು ಬರೀ ಲೋಹ ಕಾಣುವಂತೆ ಉಜ್ಜಿ, ಬೋಲ್ಟ್ ಬಿಗಿದಾದ ಮೇಲೆ ತುಕ್ಕು ಹಿಡಿಯದಂತೆ ಲೇಪ ಹಚ್ಚಿದೆ. ಎಂಜಿನ್ ರಬ್ಬರಿನ ಮೇಲೆ ಕುಣಿಯುವಾಗ ಎಳೆಯಬಾರದೆಂದು ಪಟ್ಟಿಗೆ ಒಂದು ಬಾಗು ಬಿಟ್ಟೆ. ಥ್ರಾಟಲ್, ಮಿಕ್ಸ್ಚರ್ ಎರಡೂ ಕೇಬಲ್ ಹೊಸವು; ಮಿಕ್ಸ್ಚರ್ ಕೇಬಲ್ ಓಡಾಡುತ್ತಿದ್ದರೂ ನಂಬುವ ಮನಸ್ಸಾಗಲಿಲ್ಲ. ಕೇಬಲ್ಲುಗಳನ್ನು ಜೋಡಿಸುವ ಮೊದಲೇ ಬಲ್ಬು ಕಟ್ಟಿ ಅಳೆದೆವು: 2 ಮಿಲಿವೋಲ್ಟ್.

ಮಗಳು ನೋಟ್‌ಬುಕ್ಕಿನ "ಬೀಪ್" ಅಂಕಣದ ಪಕ್ಕ ಹೊಸ ಗೆರೆ ಎಳೆದು "ಮಿ.ವೋ." ಎಂದು ಬರೆದಳು. ದೊಡ್ಡ ಹೊರೆಯ ಪ್ರತಿ ತಂತಿಯನ್ನೂ ಅದು ಕೆಲಸದಲ್ಲಿ ಹೊರುವಷ್ಟು ಕರೆಂಟ್ ಹರಿಸಿ, ಒಂದೊಂದು ಜೋಡಣೆಯ ಎರಡೂ ಬದಿ ಮುಟ್ಟಿ ಅಳೆಯುತ್ತ ಬಂದೆವು. ಮೂರು ವಾರ ಹಿಡಿಯಿತು. ಹೆಚ್ಚಿನವು ಒಂದು, ಎರಡು, ಮೂರು ಅನ್ನುತ್ತಿದ್ದವು. ಲ್ಯಾಂಡಿಂಗ್ ಲೈಟಿನ ವಾಪಸ್ ತಂತಿಯ ಲಗ್ಗೊಂದು 90 ಎಂದಿತು. ಕತ್ತರಿಸಿ, ಲಗ್ಗನ್ನು ಗರಗಸದಲ್ಲಿ ಸೀಳಿ ನೋಡಿದೆವು. ಹೊದಿಕೆ ಸಾಕಷ್ಟು ಸುಲಿಯದೆ ಹಾಗೇ ಒಳಗೆ ತುರುಕಿ ಕ್ರಿಂಪ್ ಮಾಡಿದ್ದೆ. ಲೋಹಕ್ಕೆ ತಾಗುತ್ತಿದ್ದದ್ದು ನಾಲ್ಕೈದು ಎಳೆ ಮಾತ್ರ. ಅದರ ಮುಂದೆಯೂ ನೀಟಾಗಿ ಒಂದು ಟಿಕ್ ಇತ್ತು.

ಮತ್ತೆ ಎಣ್ಣೆ ಏರಿಸಲು ಕೂತಾಗ ಮಗಳು ಆಯಿಲ್ ಪ್ರೆಶರ್ ಮುಳ್ಳಿನ ಕಡೆ ಒಂದು ಕಣ್ಣಿಟ್ಟು, ಒಂದು ಕೈಯನ್ನು ಪ್ಯಾನೆಲ್ಲಿನ ಹಿಂದೆ ತೂರಿಸಿ ಥ್ರಾಟಲ್ ಕೇಬಲ್ಲಿನ ಕವಚ ಹಿಡಿದುಕೊಂಡಳು. ಗುಂಡಿ ಒತ್ತಿದೆ. ಪ್ರೊಪೆಲ್ಲರ್ ಗರಗರ ಸುತ್ತಿತು. ಎರಡನೆಯ ಸಲಕ್ಕೆ ಮುಳ್ಳು ನಡುಗಿ ಮೇಲೆದ್ದಿತು.

"ಬಂತು ಅಪ್ಪಾ, ಬಂತು!" ಎಂದಳು. ಆಮೇಲೆ ದನಿ ತಗ್ಗಿಸಿ, "ಇದು ತಣ್ಣಗೇ ಇದೆ."