ಮಗುವಿಗೆ ಮೇಷ್ಟ್ರು ಹೊಡೆದರೆ ದೂರು ಕೊಡುವುದು ಹೇಗೆ

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಕೆಲಸಕ್ಕೆ ಹೋಗುವ ಎಷ್ಟೋ ಅಪ್ಪ-ಅಮ್ಮಂದಿರು ಮಗುವಿನ ಕೈಮೇಲೆ ಬಾಸುಂಡೆ ಕಂಡರೂ ಸುಮ್ಮನಾಗುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಶಾಲೆಗೆ ಹೋಗುವುದು ಸುಲಭವಲ್ಲ, ನಿಜ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಲ್ಲರೆದುರು ದಿನಾ 'ದಡ್ಡ' ಎಂದು ಹೀಯಾಳಿಸುವುದು ನನ್ನ ಪ್ರಕಾರ ಏಟಿಗಿಂತ ಕ್ರೂರ.

ಗಾಯದ ಫೋಟೋವನ್ನು ಅಂದೇ, ಬೆಳಕಿರುವಾಗಲೇ ತೆಗೆಯಿರಿ. ಊತವಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು, ಚೀಟಿಯಲ್ಲಿ ಗಾಯದ ವಿವರ ಬರೆಸಿ. ಮಗುವನ್ನು ಮತ್ತೆ ಮತ್ತೆ ಕೆದಕಬೇಡಿ. ಒಮ್ಮೆ ಹೇಳಿದ್ದನ್ನು ಅದರ ಮಾತಲ್ಲೇ ಬರೆದುಕೊಳ್ಳಿ.

'ಮೇಷ್ಟ್ರು ಸರಿಯಿಲ್ಲ' ಎಂದಷ್ಟೇ ಬರೆದ ದೂರು ನಿಲ್ಲುವುದಿಲ್ಲ. ತಾರೀಖು, ಪೀರಿಯಡ್, ಯಾವುದರಿಂದ ಹೊಡೆದರು, ಯಾರು ನೋಡಿದರು, ಇಷ್ಟೂ ಇರಬೇಕು. ಎರಡು ಪ್ರತಿ ಮಾಡಿ, ಒಂದನ್ನು ಮುಖ್ಯ ಶಿಕ್ಷಕರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಗೂ ತಿಳಿಸಿ. ಅಲ್ಲಿ ಬಾಯಿಮಾತಿನ ರಾಜಿ ಮಾಡಿಸಿ ಕಳಿಸಿದರೆ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಆಮೇಲೆ ಹಾಸನ ಅಥವಾ ಚಿಕ್ಕಮಗಳೂರಿನ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕಚೇರಿಗೆ ಅದೇ ದೂರು ಕೊಡಿ. ಮಗುವಿಗೆ ಅಪಾಯವಿದೆ ಅನ್ನಿಸಿದರೆ ಇದಾವುದಕ್ಕೂ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.