ಗುರಾಣಿಯ ಹಿಂಬದಿ

ಊರಿನಿಂದ ಬಂದ ನೆಂಟರಿಗೆ ಮುಂಬೈ ತೋರಿಸುವಾಗ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯವನ್ನು ನಾನು ತಪ್ಪಿಸುವುದಿಲ್ಲ. ಅಲ್ಲಿ ಅಕ್ಬರನ ಗುರಾಣಿಯ ಮುಂದೆ ನಿಲ್ಲದೆ ಮುಂದೆ ಹೋದವರನ್ನು ನಾನು ಕಂಡಿಲ್ಲ. ಆದರೆ ಗುರಾಣಿಯ ಮುಖದ ಚಿತ್ತಾರಕ್ಕಿಂತ ಅದರ ಬೆನ್ನನ್ನು ನೋಡಬೇಕೆಂಬುದು ನನ್ನ ಹಟ. ಏಕೆಂದರೆ ಕೈ ಅದನ್ನು ಹೇಗೆ ಹಿಡಿಯುತ್ತಿತ್ತು ಎಂಬುದನ್ನು ಅವಲಂಬಿಸಿಯೇ ಕಾದುವ ಕ್ರಮವೂ ಬದಲಾಗುತ್ತಿತ್ತು.

ನಮ್ಮ ನಾಡಿನ ಗುರಾಣಿಯಾದ ಢಾಲನ್ನೇ ತೆಗೆದುಕೊಳ್ಳಿ. ಮುಂಬದಿಯ ನಾಲ್ಕು ಗುಬುಟುಗಳು ಬರೀ ಅಲಂಕಾರವೆಂದು ಹೆಚ್ಚಿನವರು ಭಾವಿಸುತ್ತಾರೆ. ನಿಜವಾಗಿ ಹಿಂಬದಿಯ ಬಳೆಗಳನ್ನು ಬಿಗಿದ ಮೊಳೆಗಳ ನೆಲೆ ಅವು. ಆ ಬಳೆಗಳಿಗೆ ಎರಡು ಹಿಡಿಪಟ್ಟಿಗಳನ್ನು ಕಟ್ಟಿ, ನಡುವೆ ಪುಟ್ಟ ಮೆತ್ತೆಯೊಂದನ್ನು ಕೂರಿಸುತ್ತಿದ್ದರು. ಪಟ್ಟಿಗಳೆರಡನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದಾಗ ಬೆರಳಗೆಣ್ಣುಗಳು ಮೆತ್ತೆಗೆ ಒರಗುತ್ತಿದ್ದುದರಿಂದ ಕತ್ತಿಯೇಟಿನ ಅದುರು ಮೂಳೆಗೆ ನೇರವಾಗಿ ತಾಗುತ್ತಿರಲಿಲ್ಲ. ಉಕ್ಕಿನಲ್ಲಷ್ಟೇ ಅಲ್ಲದೆ ಕೋಣದ ಮತ್ತು ಘೇಂಡಾಮೃಗದ ಚರ್ಮದಲ್ಲೂ ಢಾಲುಗಳನ್ನು ಮಾಡುತ್ತಿದ್ದರು. ಇಷ್ಟೆಲ್ಲ ಜಾಣ್ಮೆ ಗೋಡೆಯ ಕಡೆಗೆ ಮುಖ ಮಾಡಿ ಕೂತಿರುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಒಂದು ಕನ್ನಡಿ ಇಟ್ಟರೆ ಸಂಗ್ರಹಾಲಯಗಳಿಗೇನೂ ನಷ್ಟವಿಲ್ಲ.

ಗ್ರೀಕರ ದುಂಡು ಗುರಾಣಿಯ ಬಗೆ ಬೇರೆ. ಸುಮಾರು 90 ಸೆಂ.ಮೀ. ಅಗಲದ ಅದರ ನಡುವಿನ ಪಟ್ಟಿಯೊಳಗೆ ಮುಂಗೈಯನ್ನು ತೂರಿಸಿ, ಅಂಚಿನ ಬಳಿಯ ಹಿಡಿಯನ್ನು ಬೆರಳುಗಳಿಂದ ಹಿಡಿಯಬೇಕಿತ್ತು. ಭಾರವೇನೋ ತೋಳಿಗೆ ಹಂಚಿಹೋಗುತ್ತಿತ್ತು, ಆದರೆ ಗುರಾಣಿಯ ಎಡಭಾಗ ಹಿಡಿದವನ ಮೈಯಿಂದಾಚೆ ಚಾಚಿ ಎಡಪಕ್ಕದವನಿಗೆ ರಕ್ಷಣೆಯಾಗುತ್ತಿತ್ತು. ಹೀಗಾಗಿ ಪ್ರತಿಯೊಬ್ಬನೂ ತನ್ನ ಬಲಗಡೆಯವನ ಗುರಾಣಿಗೆ ಒತ್ತಿಕೊಳ್ಳಲು ಹೋಗಿ ಇಡೀ ಸೇನೆಯೇ ಬಲಕ್ಕೆ ಸರಿಯುತ್ತಿತ್ತೆಂದು ಕ್ರಿ.ಪೂ. 418ರ ಮಾಂಟಿನಿಯಾ ಕದನವನ್ನು ವರ್ಣಿಸುವಾಗ ಗ್ರೀಕ್ ಇತಿಹಾಸಕಾರ ಥೂಸಿಡಿಡೀಸ್ ದಾಖಲಿಸಿದ್ದಾನೆ. ಭಯವೂ ಒಂದು ವ್ಯೂಹವನ್ನು ರಚಿಸಬಲ್ಲದೆಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿಯನ್ನು ನಾನು ಓದಿಲ್ಲ.

ರೋಮನರ ಬಾಗಿದ ಉದ್ದ ಗುರಾಣಿಗೆ ನಡುವೆ ಒಂದೇ ಅಡ್ಡ ಹಿಡಿ. ಅದರಿಂದ ಎದುರಾಳಿಯನ್ನು ನೂಕಲೂ ಬಹುದಿತ್ತು. ಸಿರಿಯಾದ ದುರಾ ಯುರೋಪಸ್‌ನಲ್ಲಿ ದೊರೆತ 3ನೇ ಶತಮಾನದ ಗುರಾಣಿಯಲ್ಲಿ ಮರದ ತೆಳು ಪಟ್ಟಿಗಳನ್ನು ಮೂರು ಪದರಗಳಾಗಿ ಅಂಟಿಸಿದ್ದಾರೆ, ಇಂದಿನ ಪ್ಲೈವುಡ್ಡಿನಂತೆಯೇ. ಉತ್ತರ ಯುರೋಪಿನ ಕಡಲ ಯೋಧರಾದ ವೈಕಿಂಗರ ಗುರಾಣಿಗೂ ನಡುವಿನಲ್ಲೇ ಹಿಡಿ. ನಾರ್ವೆಯಲ್ಲಿ ಸಮಾಧಿಯಾಗಿ ಹೂತಿದ್ದ ಗೋಕ್‌ಸ್ಟಾಡ್ ಹಡಗಿನೊಂದಿಗೆ ಕಪ್ಪು, ಹಳದಿ ಬಣ್ಣದ 64 ಗುರಾಣಿಗಳನ್ನು ಹೂಳಲಾಗಿತ್ತು.

ಯುರೋಪಿನಲ್ಲಿ 15ನೇ ಶತಮಾನದ ಹೊತ್ತಿಗೆ ಇಡೀ ಮೈಗೆ ಉಕ್ಕಿನ ತಗಡಿನ ಕವಚ ಬಂದ ಮೇಲೆ ಸರದಾರರಿಗೆ ಗುರಾಣಿಯ ಅಗತ್ಯ ಕಡಿಮೆಯಾಗಿ, ಎರಡೂ ಕೈಗಳಿಂದ ಬೀಸುವ ಆಯುಧಗಳಿಗೆ ಎಡಗೈ ಬಿಡುವಾಯಿತು. ಅಂಥ ಕವಚ ರೂಢಿಗೆ ಬಾರದ ನಮ್ಮಲ್ಲಿ ಮಾತ್ರ, ಬಂದೂಕು ಬಂದ ಬಳಿಕವೂ, 19ನೇ ಶತಮಾನದವರೆಗೆ ತಲವಾರಿನ ಜೊತೆಗೆ ಢಾಲು ಉಳಿದುಕೊಂಡಿತು.