ತೇಲೋ ಕಪ್ಪೆ

ಬೆಳಿಗ್ಗೆ ಗ್ರೂಪಲ್ಲಿ ಗೆಳೆಯ ಒಬ್ಬ ಕಾರ್ಟೂನ್ ಹಾಕಿದ, ಕಪ್ಪೆ ಒಂದು ಗಾಳೀಲಿ ತೇಲ್ತಾ ಇದೆ, ಕೆಳಗಿರೋ ಕಪ್ಪೆ ತಲೆಯೆತ್ತಿ "ಇಳಿಯೋ ಮಾರಾಯ, ಮಳೆ ಬಂತು" ಅಂತಿದೆ. ಕಕ್ಕಡದ ಮಳೆ, ಮಡಿಕೇರೀಲಿ ಕರೆಂಟಿಲ್ಲ, ತೋಟಕ್ಕೆ ಹೋಗೋ ಹಾಗಿಲ್ಲ, ಎಲ್ರೂ ಚೆನ್ನಾಗಿ ನಕ್ವಿ.

ಆದ್ರೆ ಆ ಕಪ್ಪೆ ನಿಜ ಕಣ್ರೋ!

1997ರಲ್ಲಿ ಸುದ್ದಿಯಾಗಿದ್ದು. ನೆದರ್ಲೆಂಡ್ಸಿನ ಲ್ಯಾಬಲ್ಲಿ ಆಂದ್ರೆ ಗೈಮ್ ಅನ್ನೋ ವಿಜ್ಞಾನಿ ಮತ್ತೆ ಅವ್ರ ಜೊತೆಯವ್ರು ಸುಮಾರು 16 ಟೆಸ್ಲಾದ (ಮ್ಯಾಗ್ನೆಟ್ ಎಷ್ಟು ಜೋರು ಅಂತ ಅಳೆಯೋ ಲೆಕ್ಕ ಅದು) ಭಾರೀ ಮ್ಯಾಗ್ನೆಟ್ ಒಳಗೆ ಜೀವಂತ ಕಪ್ಪೇನ ತೇಲಿಸಿದ್ರು. ನೀರನ್ನ ಅಯಸ್ಕಾಂತ ಒಂಚೂರೇ ಚೂರು ದೂರ ತಳ್ಳತ್ತೆ, ನಮ್ಗೆ ಗೊತ್ತೇ ಆಗದಷ್ಟು, ಆದ್ರೆ ಮ್ಯಾಗ್ನೆಟ್ ಅಷ್ಟು ಜೋರಾಗಿದ್ರೆ ಆ ತಳ್ಳೋ ಬಲಾನೇ ಕಪ್ಪೆ ಭಾರಾನ ಹೊತ್ಕೊಳ್ಳತ್ತೆ, ಯಾಕಂದ್ರೆ ಕಪ್ಪೆ ಮೈಯಲ್ಲಿ ಬಹುಪಾಲು ನೀರೇ ತಾನೆ. ಕಪ್ಪೆಗೆ ಏನೂ ಆಗ್ಲಿಲ್ಲ (ನಾನು ಮೊದ್ಲು ಹುಡುಕಿದ್ದೇ ಅದನ್ನ).

ಇದಕ್ಕೆ 2000ದಲ್ಲಿ ಇಗ್ ನೊಬೆಲ್ ಸಿಕ್ತು, ಮೊದ್ಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಬಹುಮಾನ ಅದು. ಅದೇ ಗೈಮ್‌ಗೆ 2010ರಲ್ಲಿ ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಪದರ) ಕೆಲಸಕ್ಕೆ ನಿಜವಾದ ನೊಬೆಲ್ಲೂ ಬಂತು, ನೊವೊಸೆಲೊವ್ ಅನ್ನೋ ಇನ್ನೊಬ್ಬ ವಿಜ್ಞಾನಿ ಜೊತೆ. ಅಲ್ಲೂ ಶುರು ಎಲ್ಲಿಂದ ಗೊತ್ತಾ, ಪೆನ್ಸಿಲ್ ಕಡ್ಡೀಲಿರೋ ಗ್ರಾಫೈಟನ್ನ ಸೆಲ್ಲೋಟೇಪ್ ಹಚ್ಚಿ ಪದರ ಪದರ ಕಿತ್ತಿದ್ದು. ಆಟ ಆಡೋ ಮನಸ್ಸಿಲ್ದೆ ಇದೆಲ್ಲ ಯಾರಿಗೆ ಹೊಳೀತದೆ ಹೇಳಿ.

ಅದಕ್ಕೇ ಇಂಥ ಜೋಕು ಬಂದ್ರೆ ನಂಗೆ ನಿಜವಾಗ್ಲೂ ಖುಷಿ, ಗುಡ್ ಮಾರ್ನಿಂಗ್ ಹೂವಿಗಿಂತ ನೂರು ಪಾಲು ವಾಸಿ. ಹಾಕೋರು ಅದರ ಹಿಂದಿನ ಕತೇನೂ ಒಂದೆರಡು ಸಾಲು ಬರೀರಪ್ಪ, ಮನೇಲಿ ಮಕ್ಳಿಗೂ ತೋರಿಸ್ಬಹುದು. ಪ್ಲೂಟೋ ಕಾರ್ಟೂನ್ ಯಾರ ಹತ್ರ ಇದೆ? 2006ರಲ್ಲಿ ಅದನ್ನ ಗ್ರಹಗಳ ಪಟ್ಟಿಯಿಂದ ಯಾಕೆ ತೆಗೆದ್ರು ಅಂತ ತಂಗಿ ಮಗಳು ಕೇಳ್ತಾ ಇದ್ದಾಳೆ, ಸಂಜೆ ಒಳಗೆ ಕಳ್ಸಿ.